ನಾರ್ವೆ: ಶಾಂತಿ ಮಾತುಕತೆ, ಮೀನು ವ್ಯಾಪಾರ ಮತ್ತು ಮಾನವ ಹಕ್ಕು – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸುಮಾರು 55 ಲಕ್ಷ ಜನಸಂಖ್ಯೆಯ ನಾರ್ವೆಯನ್ನು ಜಗತ್ತಿನ ಎಲ್ಲ ಜಗಳಗಳಿಗೂ ಮಧ್ಯಸ್ಥಿಕೆಗೆ ಕರೆಯುತ್ತಾರಲ್ಲ, ಅದು ತಟಸ್ಥ ದೇಶ ಎಂಬ ಕಾರಣಕ್ಕೇ?

ಉತ್ತರ: ನಾರ್ವೆ ತಟಸ್ಥ ದೇಶವಲ್ಲ. 1949ರಲ್ಲಿ ನ್ಯಾಟೋ ಸೇನಾ ಕೂಟ ಕಟ್ಟಿದ ಹನ್ನೆರಡು ದೇಶಗಳಲ್ಲಿ ಅದೂ ಒಂದು. ಅದನ್ನು ಕರೆಯುವುದಕ್ಕೆ ಕಾರಣ ಬೇರೆ. ಅದಕ್ಕೆ ಏಷ್ಯಾ, ಆಫ್ರಿಕಾಗಳಲ್ಲಿ ವಸಾಹತು ಆಳಿದ ಚರಿತ್ರೆಯಿಲ್ಲ. ಮಾತುಕತೆಗೆ ಬಂದವರನ್ನು ಬೆದರಿಸಿ ಒಪ್ಪಿಸುವಷ್ಟು ಬಲವೂ ಇಲ್ಲ. ಎರಡೂ ಕಡೆಯವರಿಗೆ ಧೈರ್ಯ ಕೊಡುವುದು ಈ ಬಲಹೀನತೆಯೇ. 1972 ಮತ್ತು 1994ರ ಎರಡು ಜನಮತಗಣನೆಗಳಲ್ಲೂ ಅಲ್ಲಿನ ಮತದಾರರು ಯುರೋಪ್ ಒಕ್ಕೂಟ ಸೇರುವುದು ಬೇಡವೆಂದರು. ಹಾಗಾಗಿ ಯಾರೊಡನೆ ಮಾತಾಡಬೇಕು ಎಂಬುದಕ್ಕೆ ರಾಜಧಾನಿ ಓಸ್ಲೋ ಬೇರೆಯವರ ಒಪ್ಪಿಗೆಗೆ ಕಾಯಬೇಕಿಲ್ಲ. ಸರ್ಕಾರ ಬದಲಾದರೂ ಶಾಂತಿ ಕೆಲಸ ನಿಲ್ಲುವುದಿಲ್ಲ, ಏಕೆಂದರೆ ಅದರ ಬಗ್ಗೆ ಪಕ್ಷಗಳ ನಡುವೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಹತ್ತು ವರ್ಷ ಹಿಡಿಯುವ ಮಾತುಕತೆಗೆ ಇದಕ್ಕಿಂತ ದೊಡ್ಡ ಬಂಡವಾಳ ಬೇರೆ ಬೇಕಿಲ್ಲ.

ಇನ್ನೊಂದು ವಿಷಯವನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಅಲ್ಲಿ ವಿದೇಶಾಂಗ ಇಲಾಖೆ, ಸಂಶೋಧನಾ ಸಂಸ್ಥೆಗಳು ಮತ್ತು ಪರಿಹಾರ ಸಂಘಟನೆಗಳು ಒಂದೇ ಕೆಲಸಕ್ಕೆ ಕೈಜೋಡಿಸುತ್ತವೆ. 1993ರ ಇಸ್ರೇಲ್–ಪ್ಯಾಲೆಸ್ಟೀನ್ ಮಾತುಕತೆ ಶುರುವಾದದ್ದು ಫಾಫೊ ಎಂಬ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲಿ. ಪ್ಯಾಲೆಸ್ಟೀನಿಯರ ಜೀವನಮಟ್ಟದ ಸಮೀಕ್ಷೆ ನಡೆಸುತ್ತಿದ್ದ ಸಂಸ್ಥೆ ಅದು. ಸುದ್ದಿ ಹೊರಬಿದ್ದರೆ ‘ವಿದ್ವಾಂಸರ ಗೋಷ್ಠಿ ನಡೆಯುತ್ತಿತ್ತು, ಅಷ್ಟೇ’ ಎಂದು ಇಬ್ಬರೂ ಜಾರಿಕೊಳ್ಳಲು ದಾರಿಯಿತ್ತು. ಆ ದಾರಿ ಇರದಿದ್ದರೆ ಮೊದಲ ಸಭೆಯೇ ನಡೆಯುತ್ತಿರಲಿಲ್ಲ.

ಪ್ರಶ್ನೆ: ಹಾಗಿದ್ದರೆ ಶ್ರೀಲಂಕಾದಲ್ಲಿ ನಾರ್ವೆ ಅಷ್ಟು ಕೆಟ್ಟದಾಗಿ ಸೋತದ್ದು ಏಕೆ? ಕೊಲಂಬಿಯಾದಲ್ಲಿ ಗೆದ್ದದ್ದು ಹೇಗೆ?

ಉತ್ತರ: ಶ್ರೀಲಂಕಾದ ಕದನವಿರಾಮ ಒಪ್ಪಂದ 2002ರ ಫೆಬ್ರುವರಿ 23ರಂದು ಜಾರಿಗೆ ಬಂತು. ಪ್ರಧಾನಿ ರನಿಲ್ ವಿಕ್ರಮಸಿಂಘೆ ಮತ್ತು ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ನಾಯಕ ಪ್ರಭಾಕರನ್ ಅದಕ್ಕೆ ಸಹಿ ಹಾಕಿದ್ದರು. ಮೊದಲ ದೋಷ ಅಲ್ಲೇ ಇತ್ತು. ನಾರ್ವೆಯನ್ನು ಆಹ್ವಾನಿಸಿದ್ದು ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ. ಆದರೆ ಎದುರು ಪಕ್ಷದ ಪ್ರಧಾನಿ ಮಾಡಿಕೊಂಡ ಒಪ್ಪಂದದಲ್ಲಿ ಅವರಿಗೆ ಪಾಲಿರಲಿಲ್ಲ. ದೇಶದ ಅರ್ಧ ರಾಜಕೀಯ ಹೊರಗೇ ಉಳಿದ ಒಪ್ಪಂದ ಎಷ್ಟು ದಿನ ಬಾಳೀತು?

ಎರಡನೆಯದು ಪಾತ್ರಗಳ ಗೊಂದಲ. ಮಾತುಕತೆಯ ಅನುಕೂಲಕಾರನೂ ನಾರ್ವೆಯೇ, ಉಲ್ಲಂಘನೆಗಳನ್ನು ದಾಖಲಿಸುವ ಉಸ್ತುವಾರಿ ತಂಡದ ಮುಖ್ಯಸ್ಥನನ್ನು ನೇಮಿಸುವುದೂ ನಾರ್ವೆಯೇ. ಒಂದು ಕಡೆಯವರನ್ನು ತಪ್ಪಿತಸ್ಥರೆಂದು ಬೆಳಿಗ್ಗೆ ಬರೆದು, ಸಂಜೆ ಅವರನ್ನೇ ಮಾತಿಗೆ ಒಲಿಸುವುದು ಆಗದ ಕೆಲಸ. ಉಸ್ತುವಾರಿಗಳ ಬಳಿ ಆಯುಧವೂ ಇರಲಿಲ್ಲ, ಶಿಕ್ಷಿಸುವ ಅಧಿಕಾರವೂ ಇರಲಿಲ್ಲ. ಮಕ್ಕಳನ್ನು ಪಡೆಗೆ ಸೇರಿಸಿಕೊಂಡದ್ದು, ರಾಜಕೀಯ ಕೊಲೆಗಳು ಎಲ್ಲವೂ ಪಟ್ಟಿಯಲ್ಲಿ ಸೇರುತ್ತ ಹೋದವು, ಯಾವುದೂ ನಿಲ್ಲಲಿಲ್ಲ. ಒಪ್ಪಂದದಲ್ಲಿ ಮಾನವ ಹಕ್ಕುಗಳಿಗೆ ಬಲವಾದ ಜಾಗ ಕೊಡದೆ ‘ಮೊದಲು ಗುಂಡು ನಿಲ್ಲಲಿ’ ಎಂದುಕೊಂಡದ್ದು ದೊಡ್ಡ ತಪ್ಪೆಂದೇ ನಮ್ಮ ಅಭಿಪ್ರಾಯ. ಅದರ ಬೆಲೆ ತೆತ್ತವರು ಉತ್ತರ ಮತ್ತು ಪೂರ್ವದ ಸಾಮಾನ್ಯ ಜನ.

ಮೂರನೆಯ ಪೆಟ್ಟು ಹೊರಗಿನಿಂದ ಬಂತು. 2006ರ ಮೇ ತಿಂಗಳಲ್ಲಿ ಯುರೋಪ್ ಒಕ್ಕೂಟ ಎಲ್‌ಟಿಟಿಇಯನ್ನು ಭಯೋತ್ಪಾದಕ ಪಟ್ಟಿಗೆ ಸೇರಿಸಿತು. ಒಕ್ಕೂಟದ ಸದಸ್ಯರಾದ ಸ್ವೀಡನ್, ಡೆನ್ಮಾರ್ಕ್, ಫಿನ್‌ಲ್ಯಾಂಡ್‌ಗಳ ಉಸ್ತುವಾರಿಗಳು ಹೊರಡಬೇಕೆಂದು ಎಲ್‌ಟಿಟಿಇ ಪಟ್ಟು ಹಿಡಿಯಿತು. ಉಳಿದದ್ದು ನಾರ್ವೆ ಮತ್ತು ಐಸ್‌ಲ್ಯಾಂಡ್ ಮಾತ್ರ. ನಾರ್ವೆ ಉಳಿಯಲು ಸಾಧ್ಯವಾದದ್ದು ಆ ವರ್ಷದ ಆರಂಭದಲ್ಲೇ ಒಕ್ಕೂಟದ ಪಟ್ಟಿಯನ್ನು ಅನುಸರಿಸುವುದನ್ನು ಬಿಟ್ಟು, ವಿಶ್ವಸಂಸ್ಥೆಯ ಪಟ್ಟಿಗಷ್ಟೇ ಬದ್ಧವಾಗಿರಲು ತೀರ್ಮಾನಿಸಿದ್ದರಿಂದ. ಮಧ್ಯಸ್ಥಿಕೆ ಮಾಡುವ ದೇಶಕ್ಕೆ ಇಂಥ ಆಡಳಿತಾತ್ಮಕ ತೀರ್ಮಾನ ಹತ್ತು ಭಾಷಣಗಳಿಗಿಂತ ಮುಖ್ಯ. ಆದರೂ ಕದನವಿರಾಮ 2008ರ ಜನವರಿಯಲ್ಲಿ ಅಧಿಕೃತವಾಗಿ ಮುಗಿಯಿತು, 2009ರ ಮೇ ತಿಂಗಳಲ್ಲಿ ಯುದ್ಧ ಭೀಕರವಾಗಿ ಕೊನೆಗೊಂಡಿತು. ತನ್ನ ಪಾತ್ರವನ್ನು ಹೊರಗಿನವರಿಂದ ಪರಿಶೀಲಿಸಿ ಆ ವರದಿಯನ್ನು 2011ರಲ್ಲಿ ನಾರ್ವೆ ಬಹಿರಂಗಪಡಿಸಿತು. ಎಲ್ಲ ದೇಶಗಳೂ ಹೀಗೆ ಮಾಡುವುದಿಲ್ಲ.

ಕೊಲಂಬಿಯಾದಲ್ಲಿ ಏರ್ಪಾಡೇ ಬೇರೆ. ಅಲ್ಲಿ ನಾರ್ವೆ ಒಂಟಿಯಾಗಿರಲಿಲ್ಲ, ಕ್ಯೂಬಾ ಜೊತೆಗಿತ್ತು. ಸರ್ಕಾರ ಮತ್ತು ಎಫ್‌ಎಆರ್‌ಸಿ ಬಂಡುಕೋರರು ಮೊದಲು ಗುಟ್ಟಾಗಿ ಕೂತು ಆರು ಅಂಶಗಳ ಕಾರ್ಯಸೂಚಿಯನ್ನು ತಾವೇ ಬರೆದುಕೊಂಡರು, ಆಮೇಲೆ 2012ರ ಅಕ್ಟೋಬರಿನಲ್ಲಿ ನಾರ್ವೆಯಲ್ಲಿ ಬಹಿರಂಗ ಮಾತುಕತೆ ಆರಂಭವಾಯಿತು. ಬಳಿಕ ಕ್ಯೂಬಾದ ರಾಜಧಾನಿ ಹವಾನಾಕ್ಕೆ ಸ್ಥಳಾಂತರ. ಸಂತ್ರಸ್ತರ ಐದು ನಿಯೋಗಗಳನ್ನು, ಒಂದೊಂದರಲ್ಲಿ ಹನ್ನೆರಡು ಮಂದಿಯಂತೆ, ಅಲ್ಲಿಗೆ ಕರೆಸಿ ಎರಡೂ ಕಡೆಯವರ ಎದುರು ಕೂರಿಸಿದರು. ಅಂದರೆ ಹಕ್ಕುಗಳ ಪ್ರಶ್ನೆಯನ್ನು ಕೊನೆಗೆ ತಳ್ಳದೆ ಮೇಜಿನ ಮೇಲೇ ಇಟ್ಟರು. 2016ರ ಅಕ್ಟೋಬರ್ 2ರ ಜನಮತಗಣನೆಯಲ್ಲಿ ಒಪ್ಪಂದ ಕೂದಲೆಳೆಯಲ್ಲಿ ಬಿದ್ದುಹೋಯಿತು. ತಿದ್ದುಪಡಿ ಮಾಡಿ ನವೆಂಬರ್ 24ರಂದು ಮತ್ತೆ ಸಹಿ ಹಾಕಿದರು. ಈಗಲೂ ಅಲ್ಲಿ ಹಿಂಸೆ ಪೂರ್ತಿ ನಿಂತಿಲ್ಲ, ‘ಗೆದ್ದಿತು’ ಎಂಬ ಮಾತನ್ನು ಅಷ್ಟರಮಟ್ಟಿಗೆ ಮಾತ್ರ ತೆಗೆದುಕೊಳ್ಳಿ.

ಪ್ರಶ್ನೆ: ನೊಬೆಲ್ ಶಾಂತಿ ಪ್ರಶಸ್ತಿಯಿಂದಾಗಿ ಚೀನಾ ನಾರ್ವೆಯ ಮೀನು ಕೊಳ್ಳುವುದನ್ನು ನಿಲ್ಲಿಸಿತಂತೆ, ನಿಜವೇ?

ಉತ್ತರ: ನಿಷೇಧ ಎಂಬ ಹೆಸರಿನಲ್ಲಿ ನಿಲ್ಲಿಸಲಿಲ್ಲ. 2010ರಲ್ಲಿ, ಹನ್ನೊಂದು ವರ್ಷಗಳ ಶಿಕ್ಷೆ ಅನುಭವಿಸುತ್ತಿದ್ದ ಚೀನಾದ ಮಾನವ ಹಕ್ಕು ಹೋರಾಟಗಾರ ಲಿಯು ಶಿಯಾಬೊ ಅವರಿಗೆ ಪ್ರಶಸ್ತಿ ಘೋಷಣೆಯಾಯಿತು. ಪ್ರಶಸ್ತಿ ಸಮಿತಿ ಸ್ವತಂತ್ರ, ಸರ್ಕಾರದ ಕೈ ಅದರಲ್ಲಿಲ್ಲ ಎಂದು ಓಸ್ಲೋ ಹೇಳಿತು. ಅದು ನಿಜ. ಆದರೆ ಐದು ಸದಸ್ಯರನ್ನು ನೇಮಿಸುವುದು ನಾರ್ವೆಯ ಸಂಸತ್ತು, ಆಗಿನ ಅಧ್ಯಕ್ಷರು ದೇಶದ ಮಾಜಿ ಪ್ರಧಾನಿ. ಬೀಜಿಂಗ್ ಆ ವಾದವನ್ನು ಒಪ್ಪಲಿಲ್ಲ.

ಆಮೇಲೆ ನಡೆದದ್ದು ಹೀಗೆ: ಮಂತ್ರಿಮಟ್ಟದ ಭೇಟಿಗಳು ನಿಂತವು, 2008ರಲ್ಲಿ ಶುರುವಾಗಿದ್ದ ಮುಕ್ತ ವ್ಯಾಪಾರ ಮಾತುಕತೆ ಹೆಪ್ಪುಗಟ್ಟಿತು, ಸಾಲ್ಮನ್ ಮೀನಿಗೆ ಬಂದರು ಮತ್ತು ವಿಮಾನ ನಿಲ್ದಾಣಗಳಲ್ಲಿ ಆರೋಗ್ಯ ತಪಾಸಣೆ ಬಿಗಿಯಾಯಿತು. ತಾಜಾ ಮೀನಿಗೆ ತಪಾಸಣೆಯ ವಿಳಂಬವೇ ಸಾಕು, ಬೇರೆ ಶಿಕ್ಷೆ ಬೇಡ. ಚೀನಾದ ಮಾರುಕಟ್ಟೆಯಲ್ಲಿ ಮೊದಲು ಬಹುಪಾಲು ನಾರ್ವೆಯದೇ ಇದ್ದ ಸಾಲ್ಮನ್ ಪಾಲು ಕುಸಿಯಿತು. ಒಂದಿಷ್ಟು ಮೀನು ವಿಯೆಟ್ನಾಂ ಸುತ್ತಿಕೊಂಡು ಒಳಸೇರಿತು. ಎರಡೂ ದೇಶಗಳ ಒಟ್ಟು ವ್ಯಾಪಾರವೇನೂ ಕುಸಿಯಲಿಲ್ಲ. ಚೀನಾ ಸಾಲ್ಮನ್ನನ್ನೇ ಆರಿಸಿದ್ದು ಲೆಕ್ಕಾಚಾರದಿಂದ: ಅದಿಲ್ಲದಿದ್ದರೆ ಚೀನಾಕ್ಕೆ ನಷ್ಟವಿಲ್ಲ, ಆದರೆ ನಾರ್ವೆಯ ಕರಾವಳಿಯ ಮೀನು ಸಾಕಣೆದಾರರು ತಮ್ಮ ಸಂಸದರ ಬಾಗಿಲು ತಟ್ಟುತ್ತಾರೆ.

ಒತ್ತಡ ಫಲ ಕೊಟ್ಟಿತು. 2014ರಲ್ಲಿ ದಲೈ ಲಾಮಾ ಓಸ್ಲೋಗೆ ಬಂದಾಗ ಸರ್ಕಾರದ ಮಂತ್ರಿಗಳು ಅವರನ್ನು ಭೇಟಿಯಾಗಲಿಲ್ಲ. 2016ರ ಡಿಸೆಂಬರಿನಲ್ಲಿ ಸಂಬಂಧ ಸರಿಪಡಿಸುವ ಜಂಟಿ ಹೇಳಿಕೆ ಹೊರಬಂತು. ಚೀನಾದ ಮೂಲ ಹಿತಾಸಕ್ತಿಗಳಿಗೆ ಧಕ್ಕೆ ತರುವ ಕ್ರಮಗಳನ್ನು ಬೆಂಬಲಿಸುವುದಿಲ್ಲ ಎಂಬ ಮಾತು ಅದರಲ್ಲಿತ್ತು. ಏನೇನು ಆ ‘ಮೂಲ ಹಿತಾಸಕ್ತಿ’ಯೊಳಗೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಚೀನಾವೇ, ಆದ್ದರಿಂದ ಅದು ಖಾಲಿ ಚೆಕ್ಕಿಗೆ ಸಹಿ ಹಾಕಿದಂತಾಯಿತು. 2017ರ ಜುಲೈನಲ್ಲಿ ಲಿಯು ಕಾವಲಿನಲ್ಲಿರುವಾಗಲೇ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕೊನೆಯ ದಿನಗಳಲ್ಲಿ ಓಸ್ಲೋ ತೋರಿದ ಮೌನ ನಾರ್ವೆಯವರನ್ನೇ ನೋಯಿಸಿತು. ಆ ನೋವು ನ್ಯಾಯವಾದದ್ದೇ.

ಪ್ರಶ್ನೆ: ಯುದ್ಧ ನಡೆಯುವ ಜಾಗಕ್ಕೆ ಆಯುಧ ಮಾರುವುದಿಲ್ಲ ಎಂಬ ನಿಯಮವಿದ್ದರೂ ಉಕ್ರೇನಿಗೆ ಕೊಟ್ಟದ್ದು ಹೇಗೆ?

ಉತ್ತರ: ಆ ನಿಯಮ 1959ರದ್ದು, ಸಂಸತ್ತಿನ ತೀರ್ಮಾನ. 2022ರ ಫೆಬ್ರುವರಿ ಕೊನೆಯಲ್ಲಿ ಸರ್ಕಾರ ಎರಡು ಸಾವಿರ ಟ್ಯಾಂಕ್‌ ನಿರೋಧಕ ಆಯುಧಗಳನ್ನು ಕಳಿಸಲು ನಿರ್ಧರಿಸಿತು, ಆತ್ಮರಕ್ಷಣೆಗೆ ಹೋರಾಡುವ ದೇಶಕ್ಕೆ ನೆರವು ಎಂಬ ಆಧಾರದ ಮೇಲೆ. ಆಕ್ರಮಣಕ್ಕೆ ಒಳಗಾದವನನ್ನೂ ಆಕ್ರಮಣಕಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗದಿದ್ದುದು ಸರಿಯೇ. ಹೆಚ್ಚು ತೊಡಕಿನ ಸಂಗತಿ ಮೀನಿನದು. ಯುರೋಪಿನ ನಿರ್ಬಂಧಗಳನ್ನು ನಾರ್ವೆ ಬಹುತೇಕ ಅನುಸರಿಸಿದರೂ, ರಷ್ಯಾದ ಮೀನುಗಾರಿಕೆ ಹಡಗುಗಳಿಗೆ ಟ್ರೋಮ್ಸೊ, ಕಿರ್ಕೆನೆಸ್, ಬೋಟ್ಸ್‌ಫ್ಯೋರ್ಡ್ ಎಂಬ ಮೂರು ಬಂದರುಗಳನ್ನು ತೆರೆದೇ ಇಟ್ಟಿತು. ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನಿನ ವಾರ್ಷಿಕ ಮಿತಿಯನ್ನು 1970ರ ದಶಕದಿಂದ ಎರಡೂ ದೇಶಗಳು ಸೇರಿಯೇ ನಿಗದಿಪಡಿಸುತ್ತವೆ. ಮರಿಗಳು ಬೆಳೆಯುವುದು ಹೆಚ್ಚಾಗಿ ರಷ್ಯಾದ ನೀರಿನಲ್ಲಿ. ಒಪ್ಪಂದ ಮುರಿದರೆ ಬೆಳೆಯುವ ಮೊದಲೇ ಮೀನು ಬಾಚಿಹೋಗುವ ಭಯ. ಆ ಭಯ ನಿಜವಾದದ್ದು, ಆದರೂ ಬಂದರುಗಳ ವಿಚಾರದಲ್ಲಿ ಭದ್ರತೆಯ ಪ್ರಶ್ನೆ ಹಾಗೇ ಉಳಿದಿದೆ.

ಪ್ರಶ್ನೆ: ನಾರ್ವೆಯ ತೈಲ ನಿಧಿ (ತೈಲದ ಆದಾಯವನ್ನು ಕಂಪನಿಗಳ ಷೇರುಗಳಲ್ಲಿ ಹೂಡುವ ಸರ್ಕಾರಿ ನಿಧಿ) ಒಂದು ಕಂಪನಿಯನ್ನು ತನ್ನ ಹೂಡಿಕೆಯ ಪಟ್ಟಿಯಿಂದ ತೆಗೆಯುವುದು ಹೇಗೆ? ಸರ್ಕಾರ ಹೇಳಿದರೆ ಸಾಕೇ?

ಉತ್ತರ: ಮಂತ್ರಿಯ ಬಾಯಿಮಾತು ಸಾಲದು. 2004ರಲ್ಲಿ ಸ್ಥಾಪನೆಯಾದ ಐದು ಸದಸ್ಯರ ನೈತಿಕ ಮಂಡಳಿ ಮೊದಲು ಪರಿಶೀಲಿಸುತ್ತದೆ. ಕಂಪನಿಗೆ ಪತ್ರ ಬರೆದು ವಿವರ ಕೇಳುತ್ತದೆ, ಶಿಫಾರಸಿನ ಕರಡನ್ನು ಕಂಪನಿಗೂ ತೋರಿಸುತ್ತದೆ. ನಂತರ ಶಿಫಾರಸು ಕೇಂದ್ರ ಬ್ಯಾಂಕಿಗೆ ಹೋಗುತ್ತದೆ. ಹೊರಹಾಕಬೇಕೋ, ನಿಗಾದಲ್ಲಿ ಇಡಬೇಕೋ, ಷೇರುದಾರನಾಗಿ ಒಳಗಿಂದಲೇ ಒತ್ತಡ ಹೇರಬೇಕೋ ಎಂಬುದು 2015ರಿಂದ ಬ್ಯಾಂಕಿನ ಆಡಳಿತ ಮಂಡಳಿಯ ತೀರ್ಮಾನ, ಅದಕ್ಕೂ ಮೊದಲು ಹಣಕಾಸು ಇಲಾಖೆಯದಾಗಿತ್ತು. ಷೇರುಗಳನ್ನು ಮಾರಿ ಮುಗಿಸಿದ ಮೇಲೆಯೇ ಹೆಸರು ಪ್ರಕಟಿಸುತ್ತಾರೆ, ಇಲ್ಲದಿದ್ದರೆ ಬೆಲೆ ಬಿದ್ದು ನಿಧಿಗೇ ನಷ್ಟ. 2009ರಲ್ಲಿ ಇಸ್ರೇಲಿನ ಎಲ್ಬಿಟ್ ಸಿಸ್ಟಮ್ಸ್, 2024ರಲ್ಲಿ ಅದಾನಿ ಪೋರ್ಟ್ಸ್ ಹೀಗೆ ಹೊರಬಿದ್ದವು. ಹೊರಹಾಕಿದ ಕಂಪನಿ ಮರಳಿ ಬರಬಹುದು: 2006ರಲ್ಲಿ ಹೊರಬಿದ್ದ ವಾಲ್‌ಮಾರ್ಟ್ 2019ರಲ್ಲಿ ಒಳಗೆ ಬಂತು.

ಚೀನಾ ವಿಷಯದಲ್ಲಿ ಮಾತು ಮೆತ್ತಗಾದಷ್ಟು ಸುಲಭವಾಗಿ ಈ ನಿಧಿ ಮೆತ್ತಗಾಗದಿದ್ದುದಕ್ಕೆ ಕಾರಣ ಈ ಲಿಖಿತ ಕ್ರಮವೇ. ಹೇಳಿಕೆಯನ್ನು ಒಂದು ಫೋನ್ ಕರೆಯಲ್ಲಿ ಬದಲಿಸಬಹುದು, ಕ್ರಮವನ್ನು ಬದಲಿಸಲು ಸಂಸತ್ತಿನಲ್ಲಿ ಎಲ್ಲರೆದುರು ಕೈ ಎತ್ತಬೇಕು. 2025ರ ನವೆಂಬರಿನಲ್ಲಿ ಅದೂ ಆಯಿತು. ಹಳೆಯ ನಿಯಮವನ್ನೇ ಹಿಡಿದರೆ ಜಗತ್ತಿನ ಅತಿದೊಡ್ಡ ತಂತ್ರಜ್ಞಾನ ಕಂಪನಿಗಳನ್ನೂ ಮಾರಬೇಕಾದೀತು ಎಂಬ ಅಂಜಿಕೆಯಿಂದ, ನಿಯಮಗಳ ಮರುಪರಿಶೀಲನೆ ಮುಗಿಯುವ ತನಕ ಇಂಥ ಹೊರಹಾಕುವಿಕೆಗಳನ್ನು ತಡೆಹಿಡಿಯಲಾಯಿತು. ನಮಗೆ ಇದು ಹಿಂಜರಿತವಾಗಿಯೇ ಕಾಣುತ್ತದೆ.

ಪ್ರಶ್ನೆ: ಭಾರತ–ಇಎಫ್‌ಟಿಎ (ನಾರ್ವೆ, ಸ್ವಿಟ್ಜರ್ಲೆಂಡ್, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ಗಳ ವ್ಯಾಪಾರ ಕೂಟ) ಒಪ್ಪಂದದ 10,000 ಕೋಟಿ ಡಾಲರ್ ಹೂಡಿಕೆಯಲ್ಲಿ ಈ ನಿಧಿ ಕೊಳ್ಳುವ ಷೇರುಗಳೂ ಸೇರುತ್ತವೆಯೇ?

ಉತ್ತರ: ಸೇರುವುದಿಲ್ಲ. 2024ರ ಮಾರ್ಚ್ 10ರಂದು ಸಹಿಯಾಗಿ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದ ಆ ಒಪ್ಪಂದದ 15 ವರ್ಷಗಳ ಗುರಿ ನೇರ ಹೂಡಿಕೆಯದ್ದು. ಷೇರುಪೇಟೆ ಹೂಡಿಕೆಗೆ ಲೆಕ್ಕವಿಲ್ಲ.

ಪ್ರಶ್ನೆ: ನಾನು ಕೆಲಸ ಮಾಡುವ ಗಾರ್ಮೆಂಟ್ಸ್‌ನಲ್ಲಿ ನಾರ್ವೆಯ ಕಂಪನಿಯೊಂದಕ್ಕೆ ಬಟ್ಟೆ ಹೊಲಿಯುತ್ತೇವೆ. ಓವರ್‌ಟೈಮ್ ಹಣ ಸರಿಯಾಗಿ ಕೊಡುವುದಿಲ್ಲ. ಅಲ್ಲಿಯ ಕಾನೂನಿನಿಂದ ನಮಗೇನಾದರೂ ಉಪಯೋಗವಿದೆಯೇ?

ಉತ್ತರ: ಇದೆ, ಮಿತಿಯೊಳಗೆ. 2022ರ ಜುಲೈ 1ರಿಂದ ಜಾರಿಯಲ್ಲಿರುವ ಪಾರದರ್ಶಕತೆ ಕಾಯ್ದೆಯ ಪ್ರಕಾರ ನಾರ್ವೆಯ ದೊಡ್ಡ ಮತ್ತು ಮಧ್ಯಮ ಕಂಪನಿಗಳು ತಮ್ಮ ಪೂರೈಕೆದಾರರಲ್ಲಿ ಮೂಲ ಮಾನವ ಹಕ್ಕುಗಳು ಮತ್ತು ಯೋಗ್ಯ ದುಡಿಮೆಯ ಸ್ಥಿತಿ ಹೇಗಿದೆಯೆಂದು ಪರಿಶೀಲಿಸಲೇಬೇಕು. ಅದರ ವಿವರಣೆಯನ್ನು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಜಾಲತಾಣದಲ್ಲಿ ಹಾಕಬೇಕು. ಮೊದಲು ಅದನ್ನು ಹುಡುಕಿ ಓದಿ.

ಆಮೇಲೆ ಪತ್ರ ಅಥವಾ ಇಮೇಲ್ ಬರೆಯಿರಿ. ಯಾವ ದೇಶದವರಾದರೂ ಕೇಳಬಹುದು, ಇಂಗ್ಲಿಷಿನಲ್ಲಿ ಬರೆದರೆ ಸಾಕು. ‘ನಿಮ್ಮ ಪೂರೈಕೆದಾರರು ಕಾರ್ಮಿಕರನ್ನು ಹೇಗೆ ನೋಡಿಕೊಳ್ಳುತ್ತಾರೆ’ ಎಂದು ಅಡ್ಡಾದಿಡ್ಡಿ ಕೇಳಿದರೆ ಪ್ರಶ್ನೆ ಸ್ಪಷ್ಟವಿಲ್ಲವೆಂದು ತಳ್ಳಿಹಾಕಲು ಅವಕಾಶವಿದೆ. ಕಾರ್ಖಾನೆ, ಉಡುಪಿನ ಬಗೆ, ಯಾವ ತಿಂಗಳುಗಳ ಓವರ್‌ಟೈಮ್ ಎಂಬುದನ್ನು ಬರೆದು, ಇದನ್ನು ಪತ್ತೆಹಚ್ಚಿದ್ದೀರಾ, ಸರಿಪಡಿಸಲು ಏನು ಮಾಡಿದ್ದೀರಿ ಎಂದು ಕೇಳಿ. ಮೂರು ವಾರದೊಳಗೆ ಲಿಖಿತ ಉತ್ತರ ಬರಬೇಕು. ಹೆಚ್ಚು ಸಮಯ ಬೇಕಾದರೆ ಕಾರಣವನ್ನು ಆ ಮೂರು ವಾರದೊಳಗೇ ತಿಳಿಸಿ ಎರಡು ತಿಂಗಳವರೆಗೆ ತೆಗೆದುಕೊಳ್ಳಬಹುದು. ವ್ಯಾಪಾರದ ಗುಟ್ಟು ಎಂಬ ನೆಪ ಎಲ್ಲೆಡೆ ನಡೆಯುವುದಿಲ್ಲ: ಮೂಲ ಮಾನವ ಹಕ್ಕುಗಳಿಗೆ ಆಗಿರುವ ಧಕ್ಕೆ ಕಂಪನಿಗೆ ಗೊತ್ತಿದ್ದರೆ ಅದನ್ನು ಮುಚ್ಚಿಡುವಂತಿಲ್ಲ. ನಿರಾಕರಿಸಿದರೆ ಮೂರು ವಾರದೊಳಗೆ ವಿವರವಾದ ಕಾರಣ ಕೇಳಿ, ಆಗಲೂ ಉತ್ತರ ಬಾರದಿದ್ದರೆ ನಾರ್ವೆಯ ಗ್ರಾಹಕ ಪ್ರಾಧಿಕಾರಕ್ಕೆ ದೂರು ಕೊಡಿ. ಅದಕ್ಕೆ ದಂಡ ಹಾಕುವ ಅಧಿಕಾರವಿದೆ.

ಬಾಕಿ ಹಣವನ್ನು ಈ ಕಾಯ್ದೆ ಕೊಡಿಸುವುದಿಲ್ಲ. ಅದಕ್ಕೆ ಇಲ್ಲಿನ ಕಾರ್ಮಿಕ ಇಲಾಖೆಯಲ್ಲೇ ದೂರು ದಾಖಲಿಸಬೇಕು, ಎರಡನ್ನೂ ಒಟ್ಟಿಗೆ ಮಾಡಬಹುದು. ಪತ್ರವನ್ನು ನಿಮ್ಮ ಹೆಸರಿನಲ್ಲಿ ಕಳಿಸಬೇಡಿ. ವಿಚಾರಣೆ ಕಾರ್ಖಾನೆಯ ಆಡಳಿತದವರೆಗೆ ಬಂದೇ ಬರುತ್ತದೆ, ಹೆಸರು ಗೊತ್ತಾದರೆ ಕೆಲಸಕ್ಕೇ ಸಂಚಕಾರ. ಕಾರ್ಮಿಕ ಸಂಘದ ಮೂಲಕ ಕಳಿಸಿ. ಜೊತೆಗೆ ವೇತನ ಚೀಟಿಗಳ ಪ್ರತಿ ತೆಗೆದಿಡಿ, ಹಾಜರಿಯ ಲೆಕ್ಕವನ್ನು ದಿನವೂ ಬರೆದಿಡಿ.