5 ಲಕ್ಷದಲ್ಲಿ ಅಗ್ನಿವೀರರ ಓದಿಗೆ ನಿಧಿ

ಸರ್, ನಿವೃತ್ತ ಸೈನಿಕರು ಸೇರಿ 5 ಲಕ್ಷ ಕೂಡಿಸಿದ್ದೀರಿ, ಅಗ್ನಿವೀರರ (ನಾಲ್ಕು ವರ್ಷಕ್ಕೆಂದು ಸೇನೆ ಸೇರುವವರ) ಓದಿಗೆ ಕೊಡಲು ಟ್ರಸ್ಟ್ ಬೇಕಾ ಅಂತ ಕೇಳಿದ್ದೀರಿ. ಹೊರಗಿನವರಿಂದ ದೇಣಿಗೆ ಎತ್ತುವುದಾದರೆ ಮಾಡುವುದೇ ಒಳ್ಳೆಯದು. ಟ್ರಸ್ಟ್ ಡೀಡನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಪ್ಯಾನ್ ಮಾಡಿಸಿ. ತೆರಿಗೆ ವಿನಾಯಿತಿಗೆ ಅರ್ಜಿ ಆಮೇಲೆ. ಒಂದೇ ಜಾತಿಯವರಿಗೆ ಅಂತ ಮಾತ್ರ ಬರೆಯಬೇಡಿ, ವಿನಾಯಿತಿಗೆ ತೊಡಕಾಗುತ್ತದೆ. ನಿಮ್ಮದೇ ದುಡ್ಡಾದರೆ ಇಷ್ಟು ರಗಳೆ ಯಾಕೆ? ಜಂಟಿ ಖಾತೆ ಸಾಕು.

ಶೇ 7 ಬಡ್ಡಿ ಅಂದರೂ ವರ್ಷಕ್ಕೆ 35,000. ಎಂಜಿನಿಯರಿಂಗಿಗೆ ಸಾಲದು, ದೂರಶಿಕ್ಷಣಕ್ಕೆ ಧಾರಾಳ. ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ)ದಲ್ಲಿ ಅಗ್ನಿವೀರರಿಗೆಂದೇ ಪದವಿ ಇದೆ, ಅರ್ಧ ಕ್ರೆಡಿಟ್ ಸೇನಾ ತರಬೇತಿಯಿಂದಲೇ ಸಿಗುತ್ತದೆ. 2022ರ ಅಗ್ನಿಪಥ ಯೋಜನೆಯಂತೆ ಸೇನೆಯಲ್ಲಿ ಕಾಯಂ ಆಗುವವರು ಶೇ 25ರವರೆಗೆ ಅಷ್ಟೇ, ಅಲ್ವಾ? ನನ್ನ ಕೇಳಿದರೆ ಉಳಿದವರಿಗೇ ಮೊದಲು ಕೊಡಿ. ಶುಲ್ಕವನ್ನು ನೇರವಾಗಿ ಕಾಲೇಜಿಗೇ ಕಟ್ಟಿ.