ಖಿನ್ನತೆ ಮಾತ್ರೆ ಶುರು ಮಾಡುವ ಮೊದಲು ನರ್ಸ್ ಅಷ್ಟೊಂದು ಪ್ರಶ್ನೆ ಯಾಕೆ ಕೇಳುತ್ತಾರೆ?

ತೀರ್ಥಹಳ್ಳಿಯಿಂದ ತಾಯಿಯನ್ನು ಶಿವಮೊಗ್ಗಕ್ಕೆ ಕರೆತಂದಿದ್ದೀರಿ. ಖಿನ್ನತೆಗೆ ಮಾತ್ರೆ ಕೊಡುವ ಮೊದಲು ನರ್ಸ್ ನಿಮ್ಮೆದುರಿಗೇ 'ಸಾಯಬೇಕು ಅನ್ನಿಸುತ್ತಾ ಅಮ್ಮಾ' ಅಂತ ಕೇಳಿದ್ದು ನಿಮಗೆ ಬೇಜಾರಾಗಿದೆ. ನಾನೂ ಇಲ್ಲೇ ಮನೋರೋಗ ವಿಭಾಗದಲ್ಲಿ ಸ್ಟಾಫ್ ನರ್ಸ್. ಆ ಪ್ರಶ್ನೆ ಕೇಳಲೇಬೇಕು. ಆದರೆ ಮಗನ ಎದುರಿಗೆ ಕೇಳಿದ್ದು ನನಗೂ ಸರಿ ಕಾಣಲಿಲ್ಲ. ಅಂಥ ಹೊತ್ತಲ್ಲಿ ಯಾವ ತಾಯಿಯಾದರೂ 'ಇಲ್ಲಪ್ಪಾ' ಅಂತಲೇ ಅನ್ನುತ್ತಾರೆ.

ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಶುರುವಿನ ದಿನಗಳಲ್ಲಿ ಕೆಲವರಿಗೆ ಚಡಪಡಿಕೆ, ನಿದ್ದೆಗೇಡು ಜಾಸ್ತಿಯಾಗುತ್ತದೆ. 25 ವರ್ಷದ ಒಳಗಿನವರಲ್ಲಿ ಸಾಯುವ ಯೋಚನೆಯೂ ಹೆಚ್ಚಬಹುದು, ಅವರ ಮೇಲಂತೂ ಇನ್ನೂ ಹೆಚ್ಚು ನಿಗಾ ಬೇಕು. ಅದಕ್ಕೇ ಅಡಿಕೆ ತೋಟದವರನ್ನು ನಾನು ಕಳೆನಾಶಕದ ಕ್ಯಾನ್ ಎಲ್ಲಿಟ್ಟಿದ್ದೀರಿ ಅಂತಲೂ ಕೇಳುತ್ತೇನೆ. ಕೊಟ್ಟಿಗೆ ಮೂಲೆಯಲ್ಲಿ ಅಂದರೆ, ಇವತ್ತೇ ಬೀಗದೊಳಗೆ ಇಡಿ ಅನ್ನುತ್ತೇನೆ.

ಇನ್ನೊಂದು ಪ್ರಶ್ನೆಗೆ ಮನೆಯವರೇ ಸರಿಯಾಗಿ ಉತ್ತರ ಕೊಡುತ್ತಾರೆ: ಹಿಂದೆ ಯಾವಾಗಾದರೂ ದಿನಗಟ್ಟಲೆ ನಿದ್ದೆಯೇ ಬೇಡ ಅನ್ನುವ ಹಾಗೆ, ಮಾತು ನಿಲ್ಲಿಸದೆ, ಕಂಡಾಪಟ್ಟೆ ಖರ್ಚು ಮಾಡುತ್ತಾ ಇದ್ದರಾ? ಹಾಗಿದ್ದರೆ ಅದು ಬೈಪೋಲಾರ್, ಅಂದರೆ ಖಿನ್ನತೆ ಮತ್ತು ಇಂಥ ಉನ್ಮಾದ ಎರಡೂ ಬಂದುಹೋಗುವ ಕಾಯಿಲೆ, ಇರಬಹುದು. ಅಂಥವರಿಗೆ ಬರೀ ಖಿನ್ನತೆ ಮಾತ್ರೆ ಕೊಟ್ಟರೆ ಉನ್ಮಾದ ತಿರುಗಿ ಬರುವ ಅಪಾಯ ಇದೆ.

ಆಮೇಲೆ, ಈಗಾಗಲೇ ತಗೊಳ್ಳುತ್ತಿರುವ ಮಾತ್ರೆಗಳ ಕವರ್. ತನ್ನಿ ಅಂದರೆ ಮೇಜಿನ ಮೇಲೆ ಸುರಿಯುತ್ತಾರೆ. ಹೆಸರಿರುವ ಜಾಗದಲ್ಲೇ ಕತ್ತರಿಸಿದ ಸ್ಟ್ರಿಪ್, ಮೆಡಿಕಲ್‌ನಲ್ಲಿ ಕೇಳಿ ತಂದ ಸೊಂಟನೋವಿನ ಗುಳಿಗೆ, ಪಕ್ಕದ ಮನೆಯವರು ಕೊಟ್ಟ ಚೂರ್ಣ. ಸುಮ್ನೆ ನೋಡುವುದಲ್ಲ ಅದು. ಎಸ್ಸಿಟಾಲೋಪ್ರಾಮ್ ಥರದ ಖಿನ್ನತೆ ಮಾತ್ರೆ ಜೊತೆ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು. ಟ್ರಮಡಾಲ್ ಎಂಬ ಇನ್ನೊಂದು ನೋವಿನ ಗುಳಿಗೆ ಸೇರಿದರೆ ನಡುಕ, ಜ್ವರ, ಗೊಂದಲ ಬರಬಹುದು. ಬಿಪಿಗೆ ಮೂತ್ರ ಹೋಗುವ ಮಾತ್ರೆ ತಗೊಳ್ಳುವ ವಯಸ್ಸಾದವರಿಗೆ ಖಿನ್ನತೆ ಮಾತ್ರೆಯೂ ಸೇರಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಮಂಕಾಗಬಹುದು, ಬೀಳಬಹುದು. ನಿಮ್ಮ ತಾಯಿಗೆ ರಕ್ತ ಪರೀಕ್ಷೆ ಬರೆದಿದ್ದು ಅದಕ್ಕೇ ಇರಬಹುದು. ಥೈರಾಯ್ಡ್ ಕೂಡ ನೋಡುತ್ತಾರೆ, ಅದು ಕಮ್ಮಿಯಾದರೂ ಮಂಕು ಕವಿಯುತ್ತದೆ. ಹೃದಯದ ತೊಂದರೆ ಇದ್ದರೆ ಇಸಿಜಿ. ಫಿಟ್ಸ್, ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಹೆಚ್ಚುವ ಕಾಯಿಲೆ), ಕುಡಿತ, ಇವನ್ನೂ ಮುಚ್ಚಿಡಬೇಡಿ.

ಏನಾದರೂ ಹೇಳಲು ಬಿಟ್ಟುಹೋಗಿದ್ದರೆ ಮುಂದಿನ ಭೇಟಿವರೆಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಫೋನ್ ಮಾಡಿ. ರಾತ್ರಿ ಹೊತ್ತು ತಾಯಿಯ ಮಾತು ಕೇಳಿ ಭಯವಾದರೆ ಅವರನ್ನು ಒಬ್ಬರೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.