ಅಮೆರಿಕದ ಕಾಲೇಜು ಕ್ರೀಡೆ: ಸಂಭಾವನೆ ಯಾರಿಗೆ, ವಿದ್ಯಾರ್ಥಿವೇತನ ಯಾರಿಗೆ?

ಪ್ರಶ್ನೆ: ನಾವು ಬಹಳ ವರ್ಷಗಳಿಂದ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿದ್ದೇವೆ. ನಮ್ಮ ಇಡೀ ಮನೆಯೇ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಅಭಿಮಾನಿ. ಈಗ ಆಟಗಾರರು ಹಣ ಹೆಚ್ಚು ಸಿಕ್ಕ ಕಡೆಗೆ ವರ್ಷಕ್ಕೊಂದು ತಂಡ ಬದಲಿಸುತ್ತಿದ್ದಾರೆ. ವಿದ್ಯಾರ್ಥಿಗಳಿಗೆ ಆಟಕ್ಕಾಗಿ ಹಣ ಕೊಡುವುದು ಸರಿಯೇ?

ಉತ್ತರ: ಹಣ ಕೊಡುವುದು ಸರಿ ಎಂಬುದೇ ನನ್ನ ಖಚಿತ ಅಭಿಪ್ರಾಯ. ಆದರೆ ಕೊಡುತ್ತಿರುವ ರೀತಿ ಸರಿಯಿಲ್ಲ, ನಿಮ್ಮನ್ನು ನೋಯಿಸುತ್ತಿರುವುದೂ ಅದೇ.

ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ನಿಮ್ಮೂರಿನ ಕ್ರೀಡಾಂಗಣದಲ್ಲಿ ತರಬೇತುದಾರರಿಂದ ಹಿಡಿದು ಟಿವಿ ವಾಹಿನಿಗಳವರೆಗೆ ಎಲ್ಲರೂ ದಶಕಗಳ ಕಾಲ ಸಂಪಾದಿಸಿದರು. ಮೈದಾನದಲ್ಲಿ ಮೈ ಮುರಿಸಿಕೊಂಡವರಿಗೆ ಮಾತ್ರ ಶುಲ್ಕ, ಊಟ, ವಸತಿಗಳ ಆಚೆಗೆ ಹೆಚ್ಚೇನೂ ಸಲ್ಲಲಿಲ್ಲ. ಕೊಲೊರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರ ರೇ ಡೆನಿಸನ್ 1955ರಲ್ಲಿ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡಾಗ, ಅವರ ಪತ್ನಿ ಕಾರ್ಮಿಕರಿಗೆ ಸಲ್ಲುವ ಪರಿಹಾರವನ್ನು ಕೇಳಿದರು. ಡೆನಿಸನ್ ಕಾಲೇಜಿನ ನೌಕರರಾಗಿರಲಿಲ್ಲವೆಂದು ಆ ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ಪರಿಹಾರವನ್ನು ನಿರಾಕರಿಸಿತು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಟಿವಿ ಪ್ರಸಾರದ ಮೇಲೆ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ಹಿಡಿದಿಟ್ಟುಕೊಂಡಿದ್ದ ನಿಯಂತ್ರಣವನ್ನು ಕಾನೂನುಬಾಹಿರವೆಂದಿತು. ವಿಶ್ವವಿದ್ಯಾಲಯಗಳು ತಮ್ಮ ಪಂದ್ಯಗಳನ್ನು ತಾವೇ ಮಾರತೊಡಗಿದವು, ಹಣ ಹೊಳೆಯಾಗಿ ಹರಿಯಿತು. ಆಟಗಾರರ ಮೇಲಿನ ಕಟ್ಟುಪಾಡು ಮಾತ್ರ ಹಾಗೆಯೇ ಉಳಿಯಿತು.

ಆ ಕಟ್ಟುಪಾಡು ಸಡಿಲವಾದದ್ದು ತೀರಾ ಈಚೆಗೆ. 2021ರ ಜೂನ್‌ನಲ್ಲಿ, ಆಟಗಾರರ ಓದಿಗೆ ಕೊಡುವ ನೆರವಿನ ಮಿತಿಯನ್ನು ಪ್ರಶ್ನಿಸಿದ್ದ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಅದೇ ವರ್ಷದ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದಾಯಿತು. ಎನ್‌ಐಎಲ್ ಎಂದು ಎಲ್ಲರ ಬಾಯಲ್ಲಿರುವುದು ಇದೇ. ಕೊನೆಗೆ 2025ರ ಜೂನ್ 6ರಂದು, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ರಾಜಿ ಒಪ್ಪಂದಕ್ಕೆ ನ್ಯಾಯಾಧೀಶೆ ಕ್ಲೌಡಿಯಾ ವಿಲ್ಕೆನ್ ಅನುಮೋದನೆ ನೀಡಿದರು. ಹಿಂದಿನ ವರ್ಷಗಳ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ನಿಗದಿಯಾಯಿತು. ಈಗಿನ ಆಟಗಾರರಿಗೆ ಒಪ್ಪಂದಕ್ಕೆ ಸೇರಿದ ಪ್ರತಿ ವಿಶ್ವವಿದ್ಯಾಲಯವೂ ನೇರವಾಗಿ ಹಣ ಕೊಡಬಹುದಾಯಿತು. 2025-26ನೇ ಸಾಲಿಗೆ ಅದರ ಮಿತಿ ವಿಶ್ವವಿದ್ಯಾಲಯವೊಂದಕ್ಕೆ ಸುಮಾರು 2.05 ಕೋಟಿ ಡಾಲರ್.

ಇನ್ನು ತಂಡ ಬದಲಿಸುವ ಮಾತು. ಹಿಂದೆ ಫುಟ್‌ಬಾಲ್ ಆಟಗಾರನೊಬ್ಬ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಆ ನಿರ್ಬಂಧ 2021ರಲ್ಲಿ ಮೊದಲ ಬದಲಾವಣೆಯ ಮಟ್ಟಿಗೆ ಹೋಯಿತು, 2024ರಲ್ಲಿ ಓದಿನಲ್ಲಿ ಹಿಂದೆ ಬೀಳದವರಿಗೆ ಪೂರ್ತಿಯಾಗಿ ಹೋಯಿತು. 2025ರ ಏಪ್ರಿಲ್‌ನಲ್ಲಿ ಟೆನೆಸಿ ತಂಡದ ಮುಖ್ಯ ಆಟಗಾರ ನಿಕೊ ಇಯಾಮಲೆಯಾವಾ ಹಣದ ಮಾತುಕತೆ ಮುರಿದು ಯುಸಿಎಲ್‌ಎ ಸೇರಿದಾಗ ಅಲ್ಲಿನ ಅಭಿಮಾನಿಗಳಿಗಾದ ಬೇಸರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಿಟ್ಟುಹೋಗುವ ದಾರಿಯನ್ನು ಮೊದಲು ತೋರಿಸಿದವರು ಯಾರೆಂಬುದನ್ನೂ ನೋಡಬೇಕು. ಟಿವಿ ಹಣಕ್ಕಾಗಿ, ತಮ್ಮೊಳಗೆ ಪಂದ್ಯಗಳನ್ನು ಆಡುವ ಒಕ್ಕೂಟಗಳನ್ನು ತೊರೆದವು ವಿಶ್ವವಿದ್ಯಾಲಯಗಳೇ. 2024ರಲ್ಲಿ ಪೆಸಿಫಿಕ್ ಕರಾವಳಿಯ ನಾಲ್ಕು ವಿಶ್ವವಿದ್ಯಾಲಯಗಳು ನಿಮ್ಮ ಬಿಗ್ ಟೆನ್ ಒಕ್ಕೂಟಕ್ಕೆ ಬಂದವು. ಇತರ ಸದಸ್ಯರೂ ಬೇರೆ ಒಕ್ಕೂಟಗಳಿಗೆ ಹೋದದ್ದರಿಂದ, ಅವು ಬಿಟ್ಟುಬಂದ, ಒಂದು ಶತಮಾನ ದಾಟಿದ್ದ ಪ್ಯಾಕ್-12 ಒಕ್ಕೂಟದಲ್ಲಿ ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. ಒಕ್ಲಹೋಮ ಎಸ್‌ಇಸಿ ಒಕ್ಕೂಟಕ್ಕೆ ಹೋದದ್ದರಿಂದ, ಒಕ್ಲಹೋಮ ಸ್ಟೇಟ್ ಜೊತೆ 1904ರಲ್ಲಿ ಶುರುವಾಗಿದ್ದ ಅದರ ಫುಟ್‌ಬಾಲ್ ಹಣಾಹಣಿಯೂ 2023ರ ಪಂದ್ಯದೊಂದಿಗೆ ನಿಂತಿತು. ಹತ್ತೊಂಬತ್ತರ ಹುಡುಗನೊಬ್ಬನಿಂದ ಮಾತ್ರ ನಿಷ್ಠೆಯನ್ನು ಬಯಸುವುದು ನ್ಯಾಯವಲ್ಲ.

ಗೊಂದಲದ ಮೂಲ ಇರುವುದು ಬೇರೆ ಕಡೆ. ವೃತ್ತಿಪರ ಲೀಗಿನಲ್ಲಿ ಆಟಗಾರರ ಸಂಘವಿದೆ, ಅದರೊಂದಿಗೆ ಮಾತುಕತೆ ನಡೆಸಿ ಮಾಡಿಕೊಂಡ ಕರಾರಿದೆ. ಆ ಕರಾರು ಹಣವನ್ನೂ ಕೊಡಿಸುತ್ತದೆ, ಆಟಗಾರನನ್ನು ಅವಧಿಗೆ ಕಟ್ಟಿಯೂ ಹಾಕುತ್ತದೆ. ಕಾಲೇಜುಗಳು ಹಣ ಕೊಡಲು ಒಪ್ಪಿವೆ, ಆದರೆ ಆಟಗಾರರನ್ನು ನೌಕರರೆಂದು ಒಪ್ಪಿಲ್ಲ. ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಾರರು 2024ರ ಮಾರ್ಚ್‌ನಲ್ಲಿ 13-2 ಮತಗಳಿಂದ ಸಂಘ ಕಟ್ಟಲು ತೀರ್ಮಾನಿಸಿದರೂ, ಆ ವರ್ಷದ ಕೊನೆಯಲ್ಲಿ ಅರ್ಜಿಯನ್ನು ಹಿಂಪಡೆಯಬೇಕಾಯಿತು. ಸಂಘವೂ ಸಾಮೂಹಿಕ ಕರಾರೂ ಬರುವವರೆಗೆ ಈ ವಾರ್ಷಿಕ ವಲಸೆ ನಿಲ್ಲುವುದು ಕಷ್ಟ.

ಪ್ರಶ್ನೆ: ನನ್ನ ಮಗಳು ಮೈಸೂರಿನಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದಾಳೆ, ರಾಷ್ಟ್ರಮಟ್ಟದ ಜೂನಿಯರ್ ಟೆನಿಸ್ ಟೂರ್ನಿಗಳಲ್ಲಿ ಆಡುತ್ತಾಳೆ. ಅಮೆರಿಕದ ಕಾಲೇಜಿನಲ್ಲಿ ಪೂರ್ತಿ ವಿದ್ಯಾರ್ಥಿವೇತನದ ಜೊತೆಗೆ ಈಗ ಸಂಬಳವೂ ಸಿಗುತ್ತದೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಸಿಗುವ ವಿದ್ಯಾರ್ಥಿವೇತನದಲ್ಲಿ ಶೇ 10ರಷ್ಟನ್ನು ತಮಗೆ ಕೊಡಬೇಕಂತೆ. ನಂಬಬಹುದೇ?

ಉತ್ತರ: ಮೊದಲು ಏಜೆಂಟರ ವಿಷಯ. ವಿದ್ಯಾರ್ಥಿವೇತನ ಕೊಡಿಸಿದ್ದಕ್ಕೆ ಪ್ರತಿಯಾಗಿ ಶುಲ್ಕ ಪಡೆಯುವ ವ್ಯವಸ್ಥೆಯನ್ನು ಎನ್‌ಸಿಎಎ ನಿಯಮಗಳು ಒಪ್ಪುವುದಿಲ್ಲ. ಮಾಹಿತಿ ಸಿದ್ಧಪಡಿಸಿ ಕಾಲೇಜುಗಳಿಗೆ ಕಳುಹಿಸುವ ಕೆಲಸಕ್ಕೆ ನಿಗದಿತ ಶುಲ್ಕ ಕೊಡಬಹುದು, ಶೇಕಡಾವಾರು ಪಾಲು ಕೊಡುವಂತಿಲ್ಲ. ಇಂಥ ಕರಾರಿಗೆ ಸಹಿ ಹಾಕಿದರೆ ತೊಂದರೆ ಬರುವುದು ನಿಮ್ಮ ಮಗಳ ಅರ್ಹತೆಗೆ. ದಯವಿಟ್ಟು ಸಹಿ ಹಾಕಬೇಡಿ.

ಸಂಬಳದ ಮಾತನ್ನು ಲೆಕ್ಕದಿಂದ ಕೈಬಿಡಿ. ಹೌಸ್ ಒಪ್ಪಂದದ ಹಣದಲ್ಲಿ ಸಿಂಹಪಾಲು ಅಮೆರಿಕನ್ ಫುಟ್‌ಬಾಲಿಗೆ, ಉಳಿದುದರಲ್ಲಿ ಬಹುಭಾಗ ಪುರುಷರ ಬ್ಯಾಸ್ಕೆಟ್‌ಬಾಲಿಗೆ ಹೋಗುತ್ತಿದೆ; ಟೆನಿಸ್‌ನಂತಹ ಆಟಗಳ ಪಾಲಿಗೆ ಬರುವುದು ಬಲು ಕಡಿಮೆ. ಅದಕ್ಕಿಂತ ದೊಡ್ಡ ಅಡ್ಡಿ ವೀಸಾ. ನಿಮ್ಮ ಮಗಳು ಹೋಗುವುದು ಎಫ್-1 ವಿದ್ಯಾರ್ಥಿ ವೀಸಾದಲ್ಲಿ. ಆ ವೀಸಾ ಇರುವವರು ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದೇ ಹೊರತು, ಅನುಮತಿಯಿಲ್ಲದೆ ಹೊರಗೆ ದುಡಿಯುವಂತಿಲ್ಲ. ಅಮೆರಿಕದ ನೆಲದಲ್ಲಿ ನಿಂತು ಜಾಹೀರಾತಿಗೆ ಚಿತ್ರೀಕರಣ ಮಾಡಿದರೂ ಅದನ್ನು ಅನಧಿಕೃತ ಉದ್ಯೋಗವೆಂದು ಎಣಿಸುವ ಅಪಾಯವಿದೆ, ವೀಸಾವೇ ಹೋಗಬಹುದು. ಪರ್ಡ್ಯೂ ವಿಶ್ವವಿದ್ಯಾಲಯದ ಝ್ಯಾಕ್ ಈಡಿ 2023 ಮತ್ತು 2024ರಲ್ಲಿ ದೇಶದ ಶ್ರೇಷ್ಠ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರೆನಿಸಿದರು. ಆದರೂ ಕೆನಡಾದವರಾದ್ದರಿಂದ ತಮ್ಮ ತಂಡದ ಅಮೆರಿಕನ್ನರಂತೆ ಮುಕ್ತವಾಗಿ ಸಂಪಾದಿಸಲಾಗಲಿಲ್ಲ. ಅಲ್ಲೇ ಹುಟ್ಟಿ ಬೆಳೆದ ನಮ್ಮವರ ಮಕ್ಕಳಿಗೂ ಗ್ರೀನ್ ಕಾರ್ಡ್ ಇರುವವರಿಗೂ ಈ ತೊಡಕಿಲ್ಲ. ಏಜೆಂಟರು ಅವರ ಉದಾಹರಣೆಯನ್ನು ತೋರಿಸಿದರೆ ಅದು ನಿಮಗೆ ಅನ್ವಯಿಸದು.

ವಿದ್ಯಾರ್ಥಿವೇತನದ ಲೆಕ್ಕವೂ ಬದಲಾಗಿದೆ, ಹೆಣ್ಣುಮಕ್ಕಳ ತಂದೆತಾಯಿಯರು ಇದನ್ನು ಗಮನವಿಟ್ಟು ಓದಬೇಕು. ಎನ್‌ಸಿಎಎಯ ಮೇಲಿನ ಶ್ರೇಣಿಯಾದ ಡಿವಿಷನ್-1ರಲ್ಲಿ ಹಿಂದೆ ಮಹಿಳಾ ಟೆನಿಸ್ ತಂಡಕ್ಕೆ 8 ವಿದ್ಯಾರ್ಥಿವೇತನಗಳಿದ್ದವು. ಒಂದನ್ನು ಹಲವರಿಗೆ ಹಂಚುವಂತಿರಲಿಲ್ಲ, ಹಾಗಾಗಿ ಕೊಟ್ಟರೆ ಪೂರ್ತಿಯಾಗಿಯೇ ಕೊಡುತ್ತಿದ್ದರು. ಪುರುಷರ ತಂಡಕ್ಕಿದ್ದದ್ದು 4.5 ಮಾತ್ರ, ಅದನ್ನು ಹುಡುಗರು ಹಂಚಿಕೊಳ್ಳುತ್ತಿದ್ದರು. ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಈಗ ಆ ಮಿತಿ ಹೋಗಿ, ತಂಡದಲ್ಲಿ ಹತ್ತು ಜನರಿಗಿಂತ ಹೆಚ್ಚು ಇರಬಾರದೆಂಬ ಮಿತಿ ಬಂದಿದೆ. ಹತ್ತೂ ಜನರಿಗೆ ಪೂರ್ತಿ ಕೊಡಬಹುದು, ಕಾಲುಭಾಗ ಮಾತ್ರವೂ ಕೊಡಬಹುದು. ಆದ್ದರಿಂದ ‘ಸ್ಕಾಲರ್‌ಶಿಪ್ ಇದೆ’ ಎಂಬ ಮಾತಿಗೆ ಮರುಳಾಗದೆ, ಎಷ್ಟು ಡಾಲರ್, ಎಷ್ಟು ವರ್ಷಕ್ಕೆ ಎಂದು ಕೇಳಬೇಕು. ಐವಿ ಲೀಗಿನ ವಿಶ್ವವಿದ್ಯಾಲಯಗಳಲ್ಲೂ ಡಿವಿಷನ್-3ರ ಕಾಲೇಜುಗಳಲ್ಲೂ ಕ್ರೀಡೆಗೆಂದು ವಿದ್ಯಾರ್ಥಿವೇತನವೇ ಇಲ್ಲ. ಮನೆಯ ಆದಾಯ ನೋಡಿ ಕೊಡುವ ನೆರವು ಬೇರೆಯದು.

ಹತ್ತು ಜನರ ತಂಡದಲ್ಲಿ ಆಡುವವರೆಷ್ಟು ಎಂಬುದನ್ನೂ ನೋಡಿ. ಕಾಲೇಜು ಟೆನಿಸ್ ಪಂದ್ಯದಲ್ಲಿ ಮೊದಲು ಮೂರು ಡಬಲ್ಸ್ ನಡೆಯುತ್ತವೆ, ತಲಾ ಒಂದೇ ಸೆಟ್. ಮೂರರಲ್ಲಿ ಎರಡು ಗೆದ್ದ ತಂಡಕ್ಕೆ ಒಂದು ಅಂಕ. ಅನಂತರ ಆರು ಸಿಂಗಲ್ಸ್, ಗೆದ್ದರೆ ಒಂದೊಂದು ಅಂಕ. ಒಟ್ಟು ಏಳರಲ್ಲಿ ನಾಲ್ಕು ಪಡೆದವರು ಗೆದ್ದಂತೆ. ಡ್ಯೂಸ್ ಆದರೆ ಅಡ್ವಾಂಟೇಜ್ ಇಲ್ಲ, ಮುಂದಿನ ಪಾಯಿಂಟಿಗೇ ಗೇಮ್ ಮುಗಿಯುತ್ತದೆ. ಅಂದರೆ ಏಳನೆಯ ಸ್ಥಾನದಿಂದ ಹತ್ತರವರೆಗಿನವರು ಸಿಂಗಲ್ಸ್ ಆಡದೆ ಕೋರ್ಟಿನ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾರೆ. ಕೋಚ್ ಜೊತೆ ಮಾತನಾಡುವಾಗ ಮಗಳು ಕೇಳಬೇಕಾದ ಮೊದಲ ಪ್ರಶ್ನೆ, ತನ್ನನ್ನು ಯಾವ ಸ್ಥಾನಕ್ಕೆ ನೋಡುತ್ತಿದ್ದೀರಿ ಎಂಬುದು. ದೊಡ್ಡ ಹೆಸರಿನ ತಂಡದ ಒಂಬತ್ತನೆಯ ಆಟಗಾರ್ತಿಯಾಗುವುದಕ್ಕಿಂತ ಮಧ್ಯಮ ತಂಡದ ನಾಲ್ಕನೆಯವಳಾಗಿ ವಾರವಾರ ಆಡುವುದೇ ಮೇಲೆಂದು ನಾನು ನಂಬುತ್ತೇನೆ. ಸೋಮ್‌ದೇವ್ ದೇವ್‌ವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದ ಪರವಾಗಿ 2007 ಮತ್ತು 2008ರಲ್ಲಿ ಎನ್‌ಸಿಎಎ ಸಿಂಗಲ್ಸ್ ಪ್ರಶಸ್ತಿ ಗೆದ್ದು ವೃತ್ತಿಪರ ಟೆನಿಸ್‌ಗೆ ಹೋದದ್ದು, ವಿದ್ಯಾರ್ಥಿಗಳಿಗೆ ಇಂಥ ಸಂಪಾದನೆಯ ದಾರಿಗಳಿಲ್ಲದ ದಿನಗಳಲ್ಲಿ.

ಸಿದ್ಧತೆಗೆ ಇದು ಸರಿಯಾದ ಸಮಯ. ಹತ್ತನೆಯ ತರಗತಿ ಮುಗಿದ ವರ್ಷದ ಜೂನ್ 15ರ ಬಳಿಕ ಡಿವಿಷನ್-1 ಕೋಚ್‌ಗಳು ಟೆನಿಸ್ ಆಟಗಾರರಿಗೆ ತಾವಾಗಿಯೇ ಪತ್ರ ಬರೆಯಬಹುದು, ಕರೆ ಮಾಡಬಹುದು. ಮಗಳೇ ನೇರವಾಗಿ ಅವರಿಗೆ ಬರೆಯಲಿ. ಪಂದ್ಯದ ವಿಡಿಯೊ, ಟೂರ್ನಿಗಳ ಫಲಿತಾಂಶ, ಕೋಚ್‌ಗಳು ಮೊದಲು ನೋಡುವ ಯುಟಿಆರ್ (ಆಟದ ಮಟ್ಟವನ್ನು ಅಂಕಿಯಲ್ಲಿ ಹೇಳುವ ಜಾಗತಿಕ ಟೆನಿಸ್ ರೇಟಿಂಗ್), ಇಷ್ಟಿದ್ದರೆ ಸಾಕು, ಮಧ್ಯವರ್ತಿ ಬೇಕಿಲ್ಲ. ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ನೋಂದಾಯಿಸಿ, ಒಂಬತ್ತನೆಯ ತರಗತಿಯಿಂದ ಪಿಯುಸಿವರೆಗಿನ ಅಂಕಪಟ್ಟಿಗಳನ್ನು ಜೋಡಿಸಿಡಿ.

ಇನ್ನೊಂದು ಎಚ್ಚರಿಕೆ. ಫುಟ್‌ಬಾಲಿಗೆ ಹಣ ಹೊಂದಿಸುವ ಒತ್ತಡದಲ್ಲಿ ಕೆಲವು ಕಾಲೇಜುಗಳು ಆದಾಯ ತರದ ಆಟಗಳನ್ನು ಕೈಬಿಡುತ್ತಿವೆ. 2025ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯ ಈಜು ತಂಡಗಳನ್ನೇ ಮುಚ್ಚಿತು. ಹೌಸ್ ಪ್ರಕರಣಕ್ಕೆ ಹೆಸರು ಬಂದದ್ದು ಗ್ರ್ಯಾಂಟ್ ಹೌಸ್ ಎಂಬ ಈಜುಗಾರನಿಂದ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ನಾಳೆ ತಂಡವೇ ಇಲ್ಲವಾದರೂ ಮಗಳು ಅಲ್ಲಿ ಓದನ್ನು ಮುಂದುವರಿಸಲು ಬಯಸುವಂಥ ಕೋರ್ಸ್ ಇದೆಯೇ, ತಂಡ ಮುಚ್ಚಿದರೆ ಅಥವಾ ಗಾಯವಾದರೆ ವಿದ್ಯಾರ್ಥಿವೇತನ ಉಳಿಯುತ್ತದೆಯೇ ಎಂಬುದನ್ನು ವಿಶ್ವವಿದ್ಯಾಲಯದಿಂದ ಬರಹದಲ್ಲಿ ಪಡೆಯಿರಿ. ಕೋಚ್ ಫೋನಿನಲ್ಲಿ ಕೊಟ್ಟ ಭರವಸೆ ಅವರು ಕೆಲಸ ಬಿಟ್ಟ ದಿನವೇ ಮುಗಿಯುತ್ತದೆ. ಮನೆಯ ಖರ್ಚಿನ ಲೆಕ್ಕ ಹಾಕುವಾಗ ತೆರಿಗೆಯನ್ನೂ ಸೇರಿಸಿ: ಬೋಧನಾ ಶುಲ್ಕಕ್ಕೆ ಸಂದ ವಿದ್ಯಾರ್ಥಿವೇತನಕ್ಕೆ ತೆರಿಗೆಯಿಲ್ಲ, ಊಟ ಮತ್ತು ವಸತಿಗೆ ಸಂದ ಭಾಗಕ್ಕೆ ಇದೆ, ಮತ್ತು ಎಫ್-1 ವಿದ್ಯಾರ್ಥಿಗಳ ವಿಷಯದಲ್ಲಿ ವಿಶ್ವವಿದ್ಯಾಲಯವು ಸಾಮಾನ್ಯವಾಗಿ ಅದರಲ್ಲಿ ಶೇ 14ರಷ್ಟನ್ನು ಮೊದಲೇ ಹಿಡಿದುಕೊಳ್ಳುತ್ತದೆ.